ಮೆಟ್ಟಿಲ ಮೇಲೆ ಕೊಟ್ಟ ಉತ್ತರ

ಕೆಲಸವಿಲ್ಲದವರನ್ನು ಎಣಿಸುವುದು ನನ್ನ ಕೆಲಸವಾಗಿತ್ತು. “ಎಣಿಸೋದಾದ್ರೂ ಒಂದು ಕೆಲಸ ಸಿಕ್ತಲ್ಲ ಇವಳಿಗೆ” ಎಂದು ಅಪ್ಪ ತನ್ನ ಅಂಗಡಿಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅಪ್ಪನದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ, ಮನೆಯ ಕೆಳಗೇ. ಯಂತ್ರದ ಜೊತೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ಮೆಟ್ಟಿಲು ಹತ್ತಿ ಮನೆಗೆ ಬಂದರೆ ಬಾಯಿ ತೆರೆಯುವುದು ಬೈಯುವುದಕ್ಕೆ ಮಾತ್ರ. ನನ್ನ ಕೆಲಸದ ವಿಷಯದಲ್ಲಂತೂ ಬೈಗುಳಕ್ಕೆ ಬರವೇ ಇರಲಿಲ್ಲ. ಬಿಸಿಲಲ್ಲಿ ಅಲೆಯುತ್ತಾಳೆ, ಕಂಡವರ ಮನೆ ಬಾಗಿಲು ತಟ್ಟುತ್ತಾಳೆ, ಎರಡು ವರ್ಷದ ಗುತ್ತಿಗೆ ಮುಗಿದರೆ ಮತ್ತೆ ಮನೆಯಲ್ಲೇ ಬಂದು ಕೂರುತ್ತಾಳೆ.

ಅಮ್ಮ ಹಾಗಲ್ಲ. ಅಮ್ಮ ನನ್ನ ಪಕ್ಷ. ಡಿಗ್ರಿಗೆ ಸೇರುವಾಗ ಅಪ್ಪನ ಎದುರು ನಿಂತವಳು ಅವಳು. ದಿನಾ ಬೆಳಿಗ್ಗೆ ನನ್ನ ನೀರಿನ ಬಾಟಲಿ ತುಂಬಿಸಿ, ಕೊಡೆ ಬ್ಯಾಗಿನೊಳಗೆ ತುರುಕಿ, ಮೆಟ್ಟಿಲ ತುದಿಯವರೆಗೂ ಬಂದು ಕಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ನಾನು ಕಣ್ಣು ಮುಚ್ಚಿ ನಂಬಿದ್ದು ಅವಳೊಬ್ಬಳನ್ನೇ. ಅದನ್ನು ಈಗ ಬರೆಯುವಾಗಲೂ ಕೈ ಉರಿಯುತ್ತದೆ.

ನಮ್ಮ ಸಮೀಕ್ಷೆಯ ಲೆಕ್ಕ ಸರಳ. ಕಳೆದ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೂ ಆಕೆಗೆ ಕೆಲಸವಿದೆ. ದುಡಿದಿಲ್ಲ, ಆದರೆ ಕೆಲಸ ಹುಡುಕುತ್ತಿದ್ದಾಳೆ ಎಂದರೆ ನಿರುದ್ಯೋಗಿ. ದುಡಿದೂ ಇಲ್ಲ, ಹುಡುಕುತ್ತಲೂ ಇಲ್ಲ ಎಂದರೆ ‘ಮನೆಗೆಲಸ’ ಎಂದು ಬರೆದು ಲೆಕ್ಕದಿಂದಲೇ ಹೊರಗಿಡುತ್ತೇವೆ. ಹುಡುಕಿ ಹುಡುಕಿ ಸಾಕಾಗಿ ಕೈಬಿಟ್ಟವಳೂ ಅಲ್ಲಿಗೇ. ಅಂದರೆ ಹುಡುಗಿಯರು ಬೇಸತ್ತು ಮನೆಯಲ್ಲಿ ಕೂತಷ್ಟೂ ನಿರುದ್ಯೋಗ ಇಳಿಯುತ್ತದೆ. ಅದನ್ನು ನೋಡಿ ಯಾರೋ ಎಲ್ಲೋ ಬೆನ್ನು ತಟ್ಟಿಕೊಳ್ಳುತ್ತಾರೆ.

ಇನ್ನೊಂದು ನಿಯಮವಿದೆ. ಮನೆಯವರೆಲ್ಲ ಸಿಗಬೇಕೆಂದೇನಿಲ್ಲ, ಇದ್ದ ದೊಡ್ಡವರೊಬ್ಬರು ಎಲ್ಲರ ಪರವಾಗಿಯೂ ಉತ್ತರ ಕೊಡಬಹುದು. ಹೆಚ್ಚಿನ ಮನೆಗಳಲ್ಲಿ ಉತ್ತರ ಕೊಡುವುದು ತಾಯಿ ಅಥವಾ ಅತ್ತೆ. “ಮಗಳು ಏನ್ಮಾಡ್ತಿದಾಳೆ?” “ಮನೇಲೇ ಇದಾಳೆ.” “ಕೆಲಸ ಹುಡುಕ್ತಿದಾಳಾ?” “ಅವಳಿಗ್ಯಾಕೆ ಕೆಲಸ? ಏನು ಕಮ್ಮಿಯಾಗಿದೆ ಇಲ್ಲಿ?” ಮಗಳು ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾಳೆ. ನಾನು ಚಪ್ಪಲಿ ಮೆಟ್ಟಿ ಹೊರಟ ಮೇಲೆ, ಕಸದ ಬುಟ್ಟಿ ಚೆಲ್ಲುವ ನೆಪದಲ್ಲೋ ಗೇಟು ಹಾಕುವ ನೆಪದಲ್ಲೋ ಮೆಟ್ಟಿಲ ತನಕ ಬಂದು ಪಿಸುಗುಟ್ಟುತ್ತಾಳೆ: “ಅಕ್ಕಾ, ನಾನು ಹುಡುಕ್ತಿದೀನಿ. ಹಾಗಂತ ಬರ್ಕೊಳ್ಳಿ. ಅಮ್ಮಂಗೆ ಗೊತ್ತಿಲ್ಲ.” ಎರಡು ವರ್ಷದಲ್ಲಿ ಇಂಥ ಹದಿನೆಂಟು ಹುಡುಗಿಯರನ್ನು ಮೆಟ್ಟಿಲ ಮೇಲೆ ಕಂಡಿದ್ದೇನೆ. ಹದಿನೆಂಟೂ ಉತ್ತರಗಳನ್ನು ನಿಂತಲ್ಲೇ ತಿದ್ದಿದ್ದೇನೆ. ಅವರ ಬಗ್ಗೆ ಪಾಪ ಅನಿಸುತ್ತಿತ್ತು. ನಮ್ಮ ಅಮ್ಮ ಹಾಗಿಲ್ಲವಲ್ಲ ಎಂದು ಒಳಗೊಳಗೇ ಜಂಬವೂ ಇತ್ತು.

ಗುತ್ತಿಗೆ ಮುಗಿಯಲು ಮೂರು ತಿಂಗಳಿದ್ದಾಗ ಬೇರೊಂದು ಇಲಾಖೆಯವರು ಕಾಯಂ ಹುದ್ದೆಗೆ ಅರ್ಜಿ ಕರೆದರು. ಪತ್ರಿಕೆಯ ಮೂಲೆಯಲ್ಲಿದ್ದ ಆ ಜಾಹೀರಾತನ್ನು ಕತ್ತರಿಸಿ ನನ್ನ ತಟ್ಟೆಯ ಪಕ್ಕ ಇಟ್ಟವಳೂ ಅಮ್ಮನೇ. ನಾನು ಅರ್ಜಿ ಹಾಕಿದೆ, ಪರೀಕ್ಷೆ ಬರೆದೆ, ಸಂದರ್ಶನಕ್ಕೂ ಹೋಗಿಬಂದೆ. ಅರ್ಜಿಯಲ್ಲಿ ಫೋನ್ ನಂಬರು ಬರೆಯುವಾಗ ಅಮ್ಮನದು ಕೊಟ್ಟೆ. ಮನೆಮನೆಗೆ ಹೋಗುವಾಗ ನಮ್ಮ ಫೋನು ಆಫ್ ಇರಬೇಕೆಂಬುದು ನಿಯಮ; ಕರೆ ಬಂದು ತಪ್ಪಿಹೋದರೆ ಗತಿಯೇನು ಎಂಬ ಮುಂಜಾಗ್ರತೆ ನನ್ನದು. ಅಂಥ ಮುಂಜಾಗ್ರತೆಗೆ ಬೆಂಕಿ ಬೀಳಲಿ.

ಆಮೇಲೆ ದಿನಾ ಸಂಜೆ ಬ್ಯಾಗು ಇಳಿಸುತ್ತ ಅದೇ ಮಾತು.

“ಏನಾದ್ರೂ ಬಂತಾ, ಅಮ್ಮ?”

“ಏನೂ ಬಂದಿಲ್ಲ ಕಣೇ. ಬರುತ್ತೆ ಬಿಡು. ಕೈಕಾಲು ತೊಳ್ಕೋ.”

ಕೊನೆಯ ತಿಂಗಳು ನನ್ನನ್ನು ಬೀದಿ ಬಿಡಿಸಿ ಕಚೇರಿಯಲ್ಲಿ ಕೂರಿಸಿದರು. ಬೇರೆಯವರು ತುಂಬಿ ಕಳಿಸಿದ ನಮೂನೆಗಳನ್ನು ಪರದೆಯ ಮೇಲೆ ಓದಿ ತಪ್ಪು ಹುಡುಕುವ ಕೆಲಸ. ನಮೂನೆ ನನ್ನ ಮುಂದೆ ಬರುವ ಹೊತ್ತಿಗೆ ಹೆಸರು, ವಿಳಾಸ ಎಲ್ಲ ಅಳಿಸಿರುತ್ತದೆ. ಒಂದು, ಎರಡು, ಮೂರು ಎಂಬ ಸಾಲುಗಳಷ್ಟೇ ಉಳಿಯುತ್ತವೆ. ಮನೆಮನೆಗೆ ಹೋದವರು ಏನಾದರೂ ಅನುಮಾನ ಬರೆದಿದ್ದರೆ ಆ ನಮೂನೆಗೆ ಹಳದಿ ಗುರುತು ಬಿದ್ದಿರುತ್ತದೆ. ಹಳದಿ ಎಂದರೆ ತಲೆನೋವು: ಉದ್ದುದ್ದ ಟಿಪ್ಪಣಿ, ಉತ್ತರ ಕೊಡಬೇಕಾದ ಪ್ರಶ್ನೆ. ನಾನು ಹಳದಿಯನ್ನೆಲ್ಲ ಕೊನೆಗೆ ನೋಡೋಣವೆಂದು ಪಕ್ಕಕ್ಕೆ ತಳ್ಳುತ್ತಿದ್ದೆ. ಎಲ್ಲರೂ ಮಾಡುವುದು ಅದನ್ನೇ.

ಇಪ್ಪತ್ತೊಂದನೆಯ ತಾರೀಖು, ಊಟಕ್ಕೆ ಮುಂಚೆ, ಮೊದಲ ಹಳದಿ ತೆರೆದೆ. ಕಳಿಸಿದವಳು ಗುಬ್ಬಿ. ಹೊಸದಾಗಿ ಸೇರಿದವರಿಗೆ ಒಂದು ಮಧ್ಯಾಹ್ನ ನಾನೇ ತರಬೇತಿ ಕೊಟ್ಟಿದ್ದೆ. ಅವರಲ್ಲಿ ಮುಂದಿನ ಸಾಲಿನಲ್ಲಿ ಕೂತು ನಾನು ಕೆಮ್ಮಿದ್ದನ್ನೂ ಬರೆದುಕೊಂಡ ಪುಟಾಣಿ ಹುಡುಗಿ. ಅವಳ ಹೆಸರಿಗಿಂತ ಮೊದಲು ಆ ಅಡ್ಡಹೆಸರು ಬಾಯಿಗೆ ಬಂದುಬಿಟ್ಟಿತ್ತು. ಅವತ್ತು ಅವರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ. ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೂ ಸುಮ್ಮನಿರಿ, ಮನಸ್ಸಲ್ಲೇ ಐದು ಎಣಿಸಿ. ಮೊದಲು ಬರುವುದು ನಾಲಿಗೆಯ ಮೇಲಿನ ಉತ್ತರ, ಐದು ಎಣಿಸಿದ ಮೇಲೆ ಬರುವುದು ಹೊಟ್ಟೆಯೊಳಗಿನದು.

ನಮೂನೆಯಲ್ಲಿ ಮೂರು ಜನ. ಗಂಡಸು, ಐವತ್ತೇಳು, ಸ್ವಂತ ಅಂಗಡಿ. ಹೆಂಗಸು, ಐವತ್ತು, ಮನೆಗೆಲಸ. ಮಗಳು, ಇಪ್ಪತ್ತೈದು, ಪದವೀಧರೆ, ಗುತ್ತಿಗೆ ಕೆಲಸ, ಈ ತಿಂಗಳು ಮುಗಿಯುತ್ತದೆ. ಉತ್ತರ ಕೊಟ್ಟವರು: ಸಾಲು ಎರಡು, ಅಂದರೆ ತಾಯಿ. ಮಗಳು ಬೇರೆ ಕೆಲಸ ಹುಡುಕುತ್ತಿದ್ದಾಳೆಯೇ? ಹೌದು. ಸಿಕ್ಕಿದರೆ ಸೇರಲು ಸಿದ್ಧಳೇ? ಇಲ್ಲ.

ಹುಡುಕುತ್ತಾಳಂತೆ, ಸಿಕ್ಕರೆ ಸೇರುವುದಿಲ್ಲವಂತೆ. ಎಂಥ ತಾಯಿಯಪ್ಪ ಎಂದು ನಗು ಬಂತು. ಕೆಳಗೆ ಗುಬ್ಬಿಯ ಟಿಪ್ಪಣಿ ಓದಿದೆ.

“ಐದು ಎಣಿಸಿದೆ, ಅಕ್ಕ. ಆಮೇಲೆ ಅವರೇ ಹೇಳಿದರು. ಮಗಳಿಗೆ ಕಾಯಂ ಕೆಲಸದ ಆದೇಶ ಮೂರನೇ ತಾರೀಖೇ ಬಂದಿದೆಯಂತೆ. ಬೇರೆ ಊರಂತೆ, ಬಸ್ಸಿನಲ್ಲಿ ಆರು ಗಂಟೆ. ಮಗಳಿಗೆ ಹೇಳಿಲ್ಲವಂತೆ. ಲಕೋಟೆಯನ್ನು ಹಿಟ್ಟಿನ ಡಬ್ಬದ ಕೆಳಗೆ ಇಟ್ಟಿದ್ದಾರೆ. ಕೆಳಗಿನ ಅಂಗಡಿಯಿಂದ ಹೊಲಿಗೆ ಯಂತ್ರದ ಸದ್ದು ಬಂದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದರು. ಅತ್ತರು. ಯಾರಿಗೂ ಹೇಳಬೇಡ ಎಂದರು, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸೇರಲು ಸಿದ್ಧಳಿಲ್ಲ ಎನ್ನುವುದು ತಾಯಿಯ ಉತ್ತರ. ಮಗಳನ್ನು ಕೇಳಿದರೆ ಸಿದ್ಧ ಎನ್ನಬಹುದು. ಯಾವ ಕೋಡ್ ಹಾಕಲಿ, ಅಕ್ಕ?”

ಸದ್ದು ಮಾಡುವ ಹೊಲಿಗೆ ಯಂತ್ರ ಊರಲ್ಲಿ ನೂರಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಓದಿದೆ. ಐವತ್ತೇಳು, ಐವತ್ತು, ಇಪ್ಪತ್ತೈದು. ನಮ್ಮ ಹಿಟ್ಟಿನ ಡಬ್ಬಕ್ಕೆ ಒಂದು ಕಾಲು ಮುರಿದಿದೆ, ಅದರ ಕೆಳಗೆ ಅಮ್ಮ ಯಾವಾಗಲೂ ಏನಾದರೊಂದು ಕಾಗದ ಮಡಿಸಿ ಇಟ್ಟಿರುತ್ತಾಳೆ. ಮೊನ್ನೆ ಅದು ಅಲುಗಾಡುತ್ತಿಲ್ಲವಲ್ಲ ಎಂದು ನಾನೇ ಹೇಳಿದ್ದೆ. “ಸರಿ ಮಾಡಿದೀನಿ” ಎಂದಿದ್ದಳು.

ಪರದೆಯ ಮೂಲೆಯಲ್ಲಿ ತಾರೀಖುಗಳಿದ್ದವು. ಗುಬ್ಬಿ ನಮ್ಮ ಮನೆಗೆ ಹೋಗಿದ್ದು ಎಂಟನೇ ತಾರೀಖು. ನಮೂನೆ ನನ್ನ ಪಟ್ಟಿಗೆ ಬಂದಿದ್ದು ಹನ್ನೆರಡಕ್ಕೆ. ಒಂಬತ್ತು ದಿನ ಅದು ನನ್ನ ಕಣ್ಣೆದುರಿಗೇ, ಹಳದಿ ಬಳಿದುಕೊಂಡು, ಕೊನೆಗೆ ನೋಡೋಣವೆಂದು ಬಿದ್ದಿತ್ತು.

ಎದ್ದು ಕೋಡ್ ಮೇಷ್ಟ್ರ ಮೇಜಿಗೆ ಹೋದೆ. ಅವರು ನಮ್ಮ ಮೇಲ್ವಿಚಾರಕರು. ಹೆಂಡತಿಯ ಹುಟ್ಟಿದ ದಿನ ಮರೆತರೂ ಯಾವ ಉತ್ತರಕ್ಕೆ ಯಾವ ಕೋಡ್ ಎಂಬುದನ್ನು ಮರೆಯದವರು.

“ಸರ್, ಇದು ನಮ್ಮನೆ.”

ಅವರು ಕನ್ನಡಕ ಏರಿಸಿ ಓದಿದರು. ಓದಿ ಮುಗಿಸಿ ನನ್ನ ಮುಖ ನೋಡದೆ ಹೇಳಿದರು.

“ನಿಮ್ಮನೆ ಅಂದ್ಮೇಲೆ ನೀವು ಮುಟ್ಟೋ ಹಾಗಿಲ್ಲ. ನಾನೇ ಮುಗಿಸ್ತೀನಿ. ಸೇರಲು ಸಿದ್ಧಳಿಲ್ಲ, ಕೋಡ್ ಎರಡು.”

“ನಾನು ಸಿದ್ಧ ಇದೀನಿ ಸರ್.”

“ಉತ್ತರ ಕೊಟ್ಟೋರು ಹೇಳಿದ್ದೇ ಉತ್ತರ. ನೀವೇ ತಾನೇ ತರಬೇತೀಲಿ ಹೇಳಿಕೊಟ್ಟಿದ್ದು?” ಅವರು ಎರಡನ್ನು ಒತ್ತಿದರು. ಹಳದಿ ಗುರುತು ಹೋಯಿತು. ಆಮೇಲೆ ಸ್ವಲ್ಪ ಮೆತ್ತಗೆ ಹೇಳಿದರು, “ನೋಡಮ್ಮ, ಮನೇಲಿ ಇದನ್ನ ಎತ್ತೋ ಹಾಗಿಲ್ಲ. ಕೇಳಿದ್ದು ಆಚೆ ಹೋಗಲ್ಲ ಅಂತ ಮಾತು ಕೊಟ್ಟಿದೀವಿ. ಇವತ್ತು ಬೇಕಾದ್ರೆ ರಜಾ ಹಾಕಿ.”

ರಜಾ ಹಾಕಿದೆ. ದಾರಿಯುದ್ದಕ್ಕೂ ಒಂದೇ ಆಸೆ: ಡಬ್ಬದ ಕೆಳಗೆ ಏನೂ ಇರದಿರಲಿ. ಇದ್ದರೂ ದಿನ ಮೀರದಿರಲಿ.

ಮನೆಯಲ್ಲಿ ಅಮ್ಮ ಬಟ್ಟೆ ಮಡಚುತ್ತ ಕೂತಿದ್ದಳು. ಇಷ್ಟು ಬೇಗ ಬಂದೆಯಾ ಎಂದು ಕೇಳಿದಳು. ನಾನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಹೋಗಿ ಡಬ್ಬವನ್ನು ಎತ್ತಿದೆ. ಲಕೋಟೆಯ ಮೇಲೆ ಡಬ್ಬದ ಮುರಿದ ಕಾಲಿನ ಗುರುತು ಬಿದ್ದಿತ್ತು. ಒಡೆದು ಓದಿ, ಮತ್ತೆ ನೀಟಾಗಿ ಮಡಿಸಿ ಇಟ್ಟಿದ್ದಳು. ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಹುದ್ದೆಯ ಹೆಸರು. ಹದಿನೈದು ದಿನಗಳ ಒಳಗೆ, ಅಂದರೆ ಹದಿನೆಂಟನೇ ತಾರೀಖಿನೊಳಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಆಯ್ಕೆ ರದ್ದಾಗುತ್ತದೆ. ಮೂರು ದಿನ ಮೀರಿತ್ತು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನದೇ ಒಂದು ಕುರ್ತಾ ಇತ್ತು.

ಅವಳೆದುರೇ ಆ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸು ಹೆಸರು ಕೇಳಿ, ಕಾಗದ ತಿರುವಿ, “ಬರ್ಲಿಲ್ವಲ್ಲಮ್ಮ ನೀವು. ಮೆಸೇಜೂ ಕಳ್ಸಿದ್ವಿ, ಎರಡು ಸಲ ಫೋನೂ ಮಾಡಿದ್ವಿ. ಅವಳಿಗೆ ಬೇಡ್ವಂತೆ ಅಂದ್ರು ನಿಮ್ಮನೇವ್ರು. ಹತ್ತೊಂಬತ್ತಕ್ಕೇ ಮುಂದಿನೋರಿಗೆ ಕೊಟ್ಟಾಯ್ತು” ಎಂದಳು. ಪಾಪ, ಒಳ್ಳೆಯವಳು. ಮುಂದಿನ ಸಲ ನೋಡಿ ಎಂದೂ ಹೇಳಿದಳು.

“ಬೇಡ್ವಂತೆ ಅಂದ್ಯಾ?” ಅಮ್ಮನನ್ನು ಕೇಳಿದೆ.

ಅಮ್ಮ ಕುರ್ತಾವನ್ನು ಮಡಚುತ್ತಲೇ ಇದ್ದಳು. ಆಗಲೇ ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದಳು.

“ಇದೇ ಊರಲ್ಲಿ ಅಂದ್ಕೊಂಡಿದ್ದೆ ಕಣೇ. ಜಾಹೀರಾತಲ್ಲಿ ಹಾಗೇ ಇತ್ತು. ಆರು ಗಂಟೆ ದಾರಿ ಅಂತ ಯಾರಿಗೆ ಗೊತ್ತಿತ್ತು?”

“ದಿನಾ ಕೇಳಿದೆ ನಿನ್ನ. ದಿನಾ ಏನೂ ಬಂದಿಲ್ಲ ಅಂದೆ.”

“ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿದ್ದೆ.”

“ಹದಿನೆಂಟು ದಿನ?”

“ನೀನು ಹೋದ್ರೆ ಈ ಮನೇಲಿ ನಂಗ್ಯಾರಿದಾರೆ ಹೇಳು. ಅವ್ರು ನನ್ನ ಹತ್ರ ಮಾತಾಡಿ ಎಷ್ಟು ವರ್ಷ ಆಯ್ತು? ನೀನು ಸಂಜೆ ಬರೋ ತನಕ ಗಡಿಯಾರ ನೋಡ್ಕೊಂಡು ಕೂತಿರ್ತೀನಿ. ಓದ್ಸಿದ್ದು, ಬೆಳ್ಸಿದ್ದು, ಎಲ್ಲ ಇದಕ್ಕಾ? ನಾನೊಬ್ಳೇ ಗೋಡೆ ನೋಡ್ಕೊಂಡು ಕೂರೋದಕ್ಕಾ?”

ಅವಳ ದುಃಖ ಸುಳ್ಳಲ್ಲ. ಅದು ನನಗೆ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬೈದು ಬೈದೂ ಅಪ್ಪನಿಗೆ ನನ್ನನ್ನು ಒಂದು ದಿನವೂ ತಡೆಯಲಾಗಲಿಲ್ಲ. ಬಾಟಲಿ ತುಂಬಿಸಿ, ಕೊಡೆ ಕೊಟ್ಟು, ಮೆಟ್ಟಿಲ ತನಕ ಬಂದು ಕಳಿಸಿದವಳು ಕತ್ತು ಕೊಯ್ದಳು. ಎದುರಾಳಿಯಾಗಿದ್ದರೆ ನಾನು ಎಚ್ಚರವಾಗಿರುತ್ತಿದ್ದೆ. ನಂಬರಾದರೂ ನನ್ನದು ಕೊಟ್ಟಿರುತ್ತಿದ್ದೆ.

ಇದನ್ನೆಲ್ಲ ಹೇಳಿದೆ. ಒಂದನ್ನೂ ನುಂಗಲಿಲ್ಲ. ಅಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಏನೋ ಹೊಳೆದವಳ ಹಾಗೆ ತಲೆ ಎತ್ತಿದಳು.

“ಡಬ್ಬದ ಕೆಳಗಿದೆ ಅಂತ ಯಾರು ಹೇಳಿದ್ರು ನಿಂಗೆ?”

ನಾನು ಡಬ್ಬವನ್ನು ಅದರ ಜಾಗಕ್ಕೆ ತಳ್ಳಿದೆ.

“ಆ ಪುಟ್ಟ ಹುಡುಗಿ ತಾನೇ? ಲೆಕ್ಕ ಬರ್ಕೊಳ್ಳೋಕೆ ಬಂದಿದ್ಲಲ್ಲ. ಯಾರಿಗೂ ಹೇಳಲ್ಲ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ್ಲು. ನಂಬಿ ಹೇಳ್ಕೊಂಡ್ರೆ ಹೀಗಾ ಮಾಡೋದು? ಎಂಥ ಮೋಸ ಇದು.”

ಮೋಸ ಎಂಬ ಮಾತು ಅವಳ ಬಾಯಿಂದ ಬಂತು. ಮುಖ ನೋಡಿದೆ: ಕಣ್ಣು ತುಂಬಿತ್ತು, ನಿಜಕ್ಕೂ ನೊಂದಿದ್ದಳು. ಅಪರಿಚಿತ ಹುಡುಗಿಯೊಬ್ಬಳು ಕೊಟ್ಟ ಮಾತು ಮುರಿದಳೆಂದು ನೊಂದಿದ್ದಳು. ನನಗೆ ನಗು ಬಂತು. ನಗುತ್ತ ನಗುತ್ತ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಸಂಜೆ ಅಪ್ಪ ಮೇಲೆ ಬಂದ. ಲಕೋಟೆ ಊಟದ ಮೇಜಿನ ಮೇಲೇ ಇತ್ತು. ಕೈಯ ಎಣ್ಣೆ ಒರೆಸಿಕೊಂಡು ಪೂರ್ತಿ ಓದಿದ. ತಾರೀಖಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಈಗ ಇವನದೊಂದು ಬಾಕಿಯಿತ್ತು, ಬೈಯಲಿ ಎಂದು ಕಾದೆ.

“ನಂಗ್ಯಾಕೆ ಹೇಳ್ಲಿಲ್ಲ?” ಎಂದ ಅಮ್ಮನಿಗೆ. “ನಂಗೆ ಹೇಳಿದ್ರೆ ಬೈಕೊಂಡಾದ್ರೂ ಬಸ್ ಹತ್ತಿಸಿ ಬರ್ತಿದ್ದೆ.”

ಎಷ್ಟೋ ವರ್ಷಗಳ ನಂತರ ಅಪ್ಪ ಅಮ್ಮನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಅದೇ ಇರಬೇಕು.

ತಿಂಗಳು ಮುಗಿಯಿತು, ಗುತ್ತಿಗೆಯೂ ಮುಗಿಯಿತು. ಗುರುತಿನ ಚೀಟಿ ವಾಪಸು ಕೊಟ್ಟು ಬಂದೆ. ಅಮ್ಮ ಮೊದಲಿನ ಹಾಗೇ ಇದ್ದಳು, ಮೊದಲಿಗಿಂತ ಹೆಚ್ಚೇ ಪ್ರೀತಿ. ತಲೆಗೆ ಎಣ್ಣೆ ಹಚ್ಚಲಾ ಎನ್ನುತ್ತಿದ್ದಳು, ಪೇಪರಿನಲ್ಲಿ ಊರೊಳಗಿನ ಕೆಲಸದ ಜಾಹೀರಾತು ಕಂಡರೆ ಕತ್ತರಿಸಿ ತಟ್ಟೆಯ ಪಕ್ಕ ಇಡುತ್ತಿದ್ದಳು. ನಾನು ಅವನ್ನು ಮಡಿಸಿ ಹಿಟ್ಟಿನ ಡಬ್ಬದ ಕೆಳಗೆ ಇಡುತ್ತಿದ್ದೆ. ಡಬ್ಬ ಈಗ ಒಂದು ಕಡೆ ಎತ್ತರವಾಗಿ ಇನ್ನೊಂದು ಕಡೆಗೆ ವಾಲುತ್ತದೆ. ಅವಳು ನೋಡಿಯೂ ನೋಡದ ಹಾಗಿರುತ್ತಾಳೆ. ಮಾತು ಬಿಟ್ಟಿಲ್ಲ, ಆದರೆ ಅವಳಿಗೆ ಏನು ಹೇಳಬೇಕಾದರೂ ಮೊದಲು ಒಳಗೊಳಗೇ ತೂಗಿ ನೋಡುತ್ತೇನೆ. ಆ ಅಭ್ಯಾಸ ಮೊದಲು ಇರಲಿಲ್ಲ.

ಒಂದು ಸಲ ಆಯ್ಕೆಯಾದ ಮನೆಗೆ ನಮ್ಮ ಸಮೀಕ್ಷೆಯವರು ವರ್ಷಕ್ಕೆ ನಾಲ್ಕು ಸಲ ಬರುತ್ತಾರೆ. ಮೂರು ತಿಂಗಳಾಗುತ್ತಲೇ ಗುಬ್ಬಿ ಬಂದಳು. ಬಾಗಿಲು ತೆರೆದವಳು ನಾನು. ಅವಳು ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ನನ್ನನ್ನು ನೋಡಿದಳು, ನನ್ನ ಹಿಂದೆ ಅಮ್ಮನನ್ನು ನೋಡಿದಳು, ಮತ್ತೆ ನನ್ನನ್ನು. ನನ್ನನ್ನು ಅಕ್ಕ ಎಂದಷ್ಟೇ ಬಲ್ಲ ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಗೊತ್ತಾಗುವುದನ್ನು ಅವಳ ಮುಖದ ಮೇಲೆಯೇ ಕಂಡೆ.

“ಅಕ್ಕ, ನಿಮ್ಮನೇನಾ?” ಎಂದಳು ಮೆಲ್ಲಗೆ.

“ಕೂತ್ಕೋ. ಕೇಳೋದು ಕೇಳು.”

ಅಮ್ಮ ಮುಖ ಗಂಟು ಹಾಕಿಕೊಂಡೇ ಕುರ್ಚಿ ಎಳೆದು ಕೊಟ್ಟಳು. ಗುಬ್ಬಿ ಗೋಪ್ಯತೆಯ ಮಾತುಗಳನ್ನು ಓದುವಾಗ “ಹೂಂ, ಕೇಳಿದೀನಿ ಅದನ್ನ” ಎಂದಳು ಅಮ್ಮ. ಗುಬ್ಬಿಯ ಕಿವಿ ಕೆಂಪಾಯಿತು. ಸಾಲು ಒಂದು ಮುಗಿಯಿತು, ಎರಡು ಮುಗಿಯಿತು. ಸಾಲು ಮೂರು. ಕಳೆದ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ದುಡಿಮೆ?

“ಇಲ್ಲ” ಎಂದೆ.

ಕೆಲಸ ಹುಡುಕುತ್ತಿದ್ದೀರಾ?

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು. “ಮನೇಲೇ ಇದಾಳಮ್ಮ. ಸದ್ಯಕ್ಕೇನೂ ಹುಡುಕ್ತಿಲ್ಲ. ಆರಾಮಾಗಿದಾಳೆ.”

ಗುಬ್ಬಿ ಒತ್ತಲಿಲ್ಲ. ಬೆರಳನ್ನು ಪರದೆಯ ಮೇಲೆ ಹಿಡಿದು ಸುಮ್ಮನೆ ಕೂತಳು. ಅವಳ ತುಟಿ ಅಲುಗುವುದು ಕಾಣುತ್ತಿತ್ತು: ಒಂದು, ಎರಡು, ಮೂರು. ನಾಲ್ಕಕ್ಕೆ ನಾನು ಎದ್ದೆ.

“ಬಾ ಆಚೆ” ಎಂದೆ.

ಅವಳನ್ನು ಕರೆದುಕೊಂಡು ಹೊರಗೆ ಬಂದು, ಹಿಂದೆ ಬಾಗಿಲು ಎಳೆದುಕೊಂಡೆ. ಕೆಳಗೆ ಅಪ್ಪನ ಯಂತ್ರ ಸದ್ದು ಮಾಡುತ್ತಿತ್ತು. ಮೆಟ್ಟಿಲ ಮೇಲೆ, ಹದಿನೆಂಟು ಹುಡುಗಿಯರು ನನಗೆ ಹೇಳಿದಷ್ಟೇ ಸಣ್ಣ ದನಿಯಲ್ಲಿ ಹೇಳಿದೆ:

“ಹುಡುಕ್ತಿದೀನಿ ಅಂತ ಬರ್ಕೋ. ಇದೇ ಹದಿನಾಲ್ಕಕ್ಕೆ ಒಂದು ಸಂದರ್ಶನ ಇದೆ, ದೂರದ ಊರು. ಸಿಕ್ಕಿದ್ರೆ ಸೇರೋಕೆ ಸಿದ್ಧ ಇದೀನಿ, ಕೋಡ್ ಒಂದು. ಫೋನ್ ನಂಬರ್ ಅಮ್ಮಂದು ಅಳಿಸು, ನಂದು ಹಾಕು. ಅಮ್ಮಂಗೆ ಗೊತ್ತಿಲ್ಲ.”

ಗುಬ್ಬಿ ಎಲ್ಲವನ್ನೂ ತಿದ್ದಿದಳು. ಒಳಗಿನಿಂದ ಅಮ್ಮ ಕೂಗಿದಳು.

“ಬಾಗಿಲು ಯಾಕೆ ಹಾಕ್ಕೊಂಡ್ಯೇ? ನಂಗೆ ಕೇಳ್ಬಾರದ್ದು ಏನಿದೆ ಅಲ್ಲಿ?”

“ಏನೂ ಇಲ್ಲ ಅಮ್ಮ” ಎಂದೆ.